ಬಿಳಿ ಮರಿಯ ಚೀಟಿ

ಹೆಂಡತಿ ಓಪಲ್ ತೀರಿಕೊಂಡ ಮೇಲೂ ಹಾವುಗಳ ಕೋಣೆ ಬೆಚ್ಚಗೇ ಇತ್ತು. ಭಾನುವಾರ ಪ್ರಾರ್ಥನೆ ಮುಗಿಸಿ ಬಂದು ವೆಂಡೆಲ್ ಅಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಡಬ್ಬಿಗಳೊಳಗೆ ಮರದ ಹೊಟ್ಟು ಮೆಲ್ಲನೆ ಉಬ್ಬಿ ಇಳಿಯುತ್ತಿತ್ತು, ಹೊದಿಕೆಯೊಳಗೆ ಯಾರೋ ಮಗ್ಗುಲು ಬದಲಿಸಿದಂತೆ.

ಬಿಳಿ ಮರಳುಹಾವೊಂದಕ್ಕಾಗಿ ಓಪಲ್ ಏಳು ವರ್ಷ ಕಾದಿದ್ದಳು. ಮೈಬಣ್ಣದಲ್ಲಿ ಕಪ್ಪು ಕಳೆದುಕೊಂಡ ಗಂಡಿಗೂ ಕೆಂಪು ಕಳೆದುಕೊಂಡ ಹೆಣ್ಣಿಗೂ ಹುಟ್ಟುವ ಮರಿಗಳೆಲ್ಲ ಸಾಮಾನ್ಯ ಬಣ್ಣದವೇ. ಬಿಳುಪು ಅವುಗಳ ಒಡಲಲ್ಲಿ ಅಡಗಿರುತ್ತದೆ. ಆ ಅಣ್ಣ ತಂಗಿಯರನ್ನು ಕೂಡಿಸಿದರೆ ಹದಿನಾರಕ್ಕೊಂದು ಬೆಳ್ಳಗೆ ಹುಟ್ಟೀತು. ಆದರೆ ಅಂಥ ತಂಗಿ ಯಾವುದೆಂದು ಕಣ್ಣಿಗೆ ತಿಳಿಯದು. ಮುಚ್ಚಳದ ಮೇಲಿನ ಚೀಟಿಯೇ ಹೇಳಬೇಕು.

ಓಪಲ್‌ಳನ್ನು ಮಣ್ಣು ಮಾಡಿದ ವಾರ ವೆಂಡೆಲ್ ಎರಡು ಹೆಣ್ಣುಹಾವುಗಳ ಡಬ್ಬಿಗಳನ್ನೂ ಒಟ್ಟಿಗೆ ತೊಳೆದ. ಒಂದು ಆ ತಂಗಿ, ಇನ್ನೊಂದು ಹೊರಗಿನಿಂದ ಕೊಂಡ, ಬಿಳುಪು ಅಡಗಿರದ ಬರಿಯ ಹಾವು. ವಸಂತದಲ್ಲಿ ಎರಡೂ ಆ ತಂಗಿಯ ಅಣ್ಣನ ಜೊತೆಗೇ ಇದ್ದವು. ಆಮೇಲೆ ಅಮರಿಲ್ಲೊ ಊರಿನ ಹಾವುಗಳ ಮೇಳದಲ್ಲಿ ಬರಿಯ ಹಾವನ್ನು ಮರಿಸೆಲಾ ಎಂಬ ನರ್ಸಿಗೆ ಮಾರಿದ. ಮನೆಗೆ ಬಂದು ಉಳಿದದ್ದನ್ನು ಎತ್ತಿಕೊಂಡಾಗ ಅದು ಕಚ್ಚಿತು. ಓಪಲ್‌ಳ ಹಾವು ಯಾರನ್ನೂ ಕಚ್ಚಿದ್ದಿಲ್ಲ.

ಮುಚ್ಚಳಗಳು ಅದಲುಬದಲಾಗಿದ್ದವೇ? ಮರಿ ಹಾಕುವವರೆಗೆ ಹೇಳುವಂತಿರಲಿಲ್ಲ.

"ವೆಂಡೆಲ್ ಯಾರಿಗೋಸ್ಕರ ಇಷ್ಟೊಂದು ಪ್ರಾರ್ಥನೆ ಮಾಡ್ತಾನೆ ಅಂತ ಪಾದ್ರಿಗಳು ಕೇಳಿದ್ರು," ಎಂದ ಪಕ್ಕದ ಮನೆಯ ಡಾಯ್ಲ್. "ಹಾವಿನ ಬಾಣಂತನಕ್ಕೆ ಅಂದೆ."

"ನಗಯ್ಯಾ, ನಗು. ಅದೂ ತಾಯೀನೇ."

ಆಗಸ್ಟಿನಲ್ಲಿ ಹನ್ನೊಂದು ಮರಿಗಳು ಹುಟ್ಟಿದವು. ಹನ್ನೊಂದೂ ಕಿತ್ತಳೆ, ಮೈಮೇಲೆ ಕಂದು ಮಚ್ಚೆ. ವೆಂಡೆಲ್ ಹೊಟ್ಟನ್ನು ಎರಡು ಸಲ ಕೆದಕಿ ನೋಡಿದ.

ನಾಲ್ಕನೆಯ ದಿನ ಮರಿಸೆಲಾ ಫೋನು ಮಾಡಿದಳು. "ಏನ್ ಸಾರ್ ನೀವು, ಬಸುರಿ ಅಂತ ಒಂದ್ ಮಾತು ಹೇಳ್ಬಾರ್ದಾ? ನನ್ನ ಬಚ್ಚಲಮನೇಲಿ ಒಂಬತ್ತು ಮರಿ ಇವೆ."

"ಬಣ್ಣ ಹೇಗಿದೆಯಮ್ಮಾ?"

"ಆರು ಅಮ್ಮನ ಥರಾನೇ. ಎರಡು ಬೂದು. ಒಂದು ಮಾತ್ರ ಹಾಲಿನ ಹಾಗಿದೆ. ಕಾಯಿಲೇನಾ?"

ಅವನು ಓಪಲ್‌ಳ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಹೊರಟ.

ಮರಿಸೆಲಾಳ ಮನೆಯಲ್ಲಿ ಅಂಗೈಯಲ್ಲಿ ಇಟ್ಟುಕೊಂಡಾಗ ಬಿಳಿ ಮರಿಯ ಭಾರವೇ ತಿಳಿಯಲಿಲ್ಲ. ಅದು ಅಂಗಿಯ ತೋಳಿನೊಳಗೆ ನುಸುಳಿ, ನಾಡಿ ಬಡಿಯುವಲ್ಲಿ ಸುತ್ತಿಕೊಂಡು ಸುಮ್ಮನಾಯಿತು.

"ನಿಮ್ದೇ ಅಲ್ವಾ, ತಗೊಂಡ್ಹೋಗಿ," ಎಂದಳು ಮರಿಸೆಲಾ.

"ಮಾರಿದ್ದು ಮಾರಿದ್ದೇ ಕಣಮ್ಮಾ. ಮುಚ್ಚಳಕ್ಕೆ ಈ ಚೀಟಿ ಅಂಟಿಸು, ಸಾಕು."

ಅವಳು ಚೀಟಿ ತಿರುಗಿಸಿದಳು. "ಹಿಂದ್ಗಡೆ 'ಮನ್ನಾ' ಅಂತಿದೆ."

"ಮರಿಯ ಹೆಸರು. ಬೈಬಲಿನಲ್ಲಿ ಆಕಾಶದಿಂದ ಉದುರಿದ ಬಿಳಿ ಆಹಾರದ್ದು. ನನ್ನ ಹೆಂಡತಿ ಬರೆದಿಟ್ಟಿದ್ದು, ಏಳು ವರ್ಷದ ಹಿಂದೆ."

ಮರಿಸೆಲಾ ಅವನಿಗೊಂದು ಕುರ್ಚಿ ತಂದಿಟ್ಟಳು. ತೋಳಿನೊಳಗಿನ ಮನ್ನಾ ಹೊರಗೆ ಬರಲಿಲ್ಲ. ಅದು ತಾನಾಗಿ ಬರುವವರೆಗೆ ಇಬ್ಬರೂ ಕೂತು ಕಾದರು.