ನಾಕು ಬೆರಳ ಹಲಗಿ

ನನ್ನ ಟೊಂಕದ ಬಗ್ಗೆ ಬುದ್ಧಿ ಹೇಳದ ಮನಷ್ಯಾ ಈ ಚಿಕ್ಕಬಾಣಾವರದಾಗ ಒಬ್ಬನೂ ಉಳಿದಿಲ್ಲ. ಮನಿ ಮಾಲಕಿ ಲಕ್ಷ್ಮಮ್ಮ ಉಸುಕು ಕಾಸಿ ಗಂಟು ಕಟ್ಟಿ ಶಾಖ ತಗೋ ಅಂದ್ರು. ಕ್ಲಿನಿಕ್ಕಿನ ಡಾಕ್ಟರು ಎಕ್ಸ್‌ರೇ ತೆಗಿಸಿ, ಬೆಳಕಿಗೆ ಹಿಡದು ನೋಡಿ, "ಏನೂ ಇಲ್ಲಮ್ಮ, ವಯಸ್ಸಾಯ್ತಲ್ಲ" ಅಂದ. ನನಗ ಮೂವತ್ತೆಂಟು ರೀ! ಮೂವತ್ತೆಂಟಕ್ಕ ವಯಸ್ಸಾತು ಅಂದ್ರ ಅವನ ತಲಿಯಾಗಿನ ಬಿಳಿ ಕೂದಲಕ್ಕ ಏನನ್ನಬೇಕು? ಗುಳಿಗಿ ಬರದ, ಟೊಂಕಕ್ಕ ಕಟ್ಟೂ ಬೆಲ್ಟ್ ಬರದ, "ರೆಸ್ಟ್ ತಗೊಳ್ಳಿ" ಅಂದ. ರೆಸ್ಟು ಯಾವ ಮೆಡಿಕಲ್ ಶಾಪಿನಾಗ ಸಿಗತೈತಿ ಅನ್ನೂದನ್ನ ಮಾತ್ರ ಬರೀಲಿಲ್ಲ.

ನಾನು ಹನುಮವ್ವ. ಕೊಪ್ಪಳದ ಕಡೀದಾಕಿ. ಹನ್ನೊಂದು ವರ್ಷದಿಂದ ಪೀಣ್ಯದ ಒಂದು ಫ್ಯಾಕ್ಟರಿಯಾಗ ಪ್ರೆಸ್ ಮಷೀನ್ ಮುಂದ ನಿಂತೀನಿ. ನಿಂತೀನಿ ಅಂದ್ರ ಖರೇನ ನಿಂತೀನಿ, ಅಲ್ಲೆ ಕುಂದ್ರಾಕ ಒಂದು ಸ್ಟೂಲಿಲ್ಲ. ತಗಡಿನ ಪಟ್ಟಿ ಒಳಗ ಇಡೂದು, ಬಲಗಾಲಿಲೆ ಪೆಡಲ್ ತುಳಿಯೂದು, ಧಡ್ ಅಂತ ಪ್ರೆಸ್ ಬೀಳತೈತಿ, ಒಂದು ಕ್ಲಿಪ್ಪು ಹೊರಗ ಬರತೈತಿ. ಮತ್ತ ಪಟ್ಟಿ, ಮತ್ತ ಪೆಡಲ್. ದಿನಕ್ಕ ಮೂರು ಸಾವಿರ. ಆ ಕ್ಲಿಪ್ಪು ಕಾರಿನ ಸೀಟಿಗೆ ಹೋಗತಾವಂತ. ಮಂದಿ ಆರಾಮ ಕುಂತು ಹೋಗ್ಲಿ ಅಂತ ನಾವು ಹತ್ತು ಮಂದಿ ಹೆಂಗಸರು ಸಾಲಾಗಿ ಒಂಟಿ ಕಾಲ ಮ್ಯಾಲ ನಿಂತಿರ್ತೀವಿ.

ಮೂರು ವರ್ಷ ಆತು, ಎಡಗಡಿ ಟೊಂಕ ಹಿಡಕೊಂಡದ್ದು ಬಿಡವಲ್ದು. ಮುಂಜಾನಿ ಎದ್ರ ಗ್ವಾಡಿ ಹಿಡದು ನಿಂದ್ರಬೇಕು. ಕಕ್ಕಸಕ್ಕ ಕುಂತ್ರ ಏಳಾಕ ಆಗವಲ್ದು. ಬಸ್ಸು ಏರಬೇಕಂದ್ರ ಹಿಂದಿನವರು ಯಾರರ ನೂಕಬೇಕು. ನನಗ ಪ್ರೆಸ್ ಕೆಲಸ ಬಿಟ್ರ ಬ್ಯಾರೆ ಬರೂದಿಲ್ಲ, ಟೊಂಕ ಹೋದ್ರ ಪ್ರೆಸ್ ಕೆಲಸ ಇಲ್ಲ. ನನ್ನ ಜೀವಕ್ಕ ಹತ್ತಿದ ಚಿಂತಿ ಇದೊಂದ.

"ಸ್ಟೇಷನ್ ಹಿಂದ ಎಲುಬು ಕೂಡಿಸೂ ಶ್ಯಾಮಣ್ಣ ಅದಾನ, ಹೋಗಿ ಬಾ" ಅಂದಾಕಿ ದುರ್ಗವ್ವ, ನನ್ನ ಪಕ್ಕದ ಮಷೀನಿನಾಕಿ. ಹೋದೆ. ಅವ ನನ್ನ ಬೋರಲ ಮಲಗಿಸಿ, ಮೊಣಕಾಲು ಊರಿ, ಲಟಕ್ ಅನ್ನಿಸಿದ. ನನ್ನ ಕಣ್ಣಾಗ ನೀರು ಬಂತು. ಹಸಿರು ಎಣ್ಣಿ ಸೀಸೆ ಕೊಟ್ಟು, "ಮೂರು ದಿನ ಕಣಕ್ಕ, ನಾಲ್ಕನೇ ದಿನ ಓಡಾಡ್ತೀಯ" ಅಂದ.

ಮರುದಿನ ನೋಡಿದ್ರ ನನ್ನ ಮಷೀನ್ ಕೆಟ್ಟು ಕುಂತಿತ್ತು. ಸೂಪರ್‌ವೈಸರ್ ಚಿರಂಜೀವಿ ನನ್ನ ಏಳನೇ ಮಷೀನಿಗೆ ಹಾಕಿದ. ಆ ಮಷೀನಿನಾಕಿ ಸಿದ್ದಕ್ಕ ಮಗಳ ಬಾಣಂತನಕ್ಕ ಊರಿಗೆ ಹೋಗಿದ್ಲು. ಒಂದು ದಿನ ಆತು, ಎರಡು ದಿನ ಆತು. ಮೂರನೇ ದಿನ ಯಾರೂ ನೂಕದ ನಾನ ಬಸ್ಸು ಏರಿದೆ! ಅಯ್ಯ ನಮ್ಮವ್ವ, ಏನ್ ಹೇಳ್ಲಿ ಆ ಖುಷಿ. ಶ್ಯಾಮಣ್ಣಗ ಕಾಯಿ, ಬಾಳೆಹಣ್ಣು ಒಯ್ದು, ಶಾಲು ಹೊಚ್ಚಿ, ಕಾಲಿಗೆ ಬಿದ್ದು ಬಂದೆ. ಬಂದಾಕಿ ಬಾಯಿ ಮುಚ್ಚಿಕೊಂಡು ಇರಬೇಕಿಲ್ಲೋ? ಊಟದ ಹೊತ್ತಿನಾಗ ಎಲ್ಲಾರ ಮುಂದ ಕುಂತು ಎದ್ದು, ಕುಂತು ಎದ್ದು ತೋರಿಸಿದೆ. ಆ ಐತವಾರ ನಮ್ಮ ಲೈನಿನ ಏಳು ಮಂದಿ ಶ್ಯಾಮಣ್ಣನ ಬಾಗಲ ಮುಂದ ಪಾಳಿ ಹಚ್ಚಿದ್ರು. ಎಲ್ಲಾರಿಗೂ ಲಟಕ್. ಎಲ್ಲಾರಿಗೂ ಹಸಿರು ಎಣ್ಣಿ.

ಮುಂದಿನ ವಾರ ಸಿದ್ದಕ್ಕ ಊರಿಂದ ಬಂದ್ಲು, ರಿಪೇರಿ ಆದ ನನ್ನ ಮಷೀನಿಗೆ ನಾನು ವಾಪಸ್ ಹೋದೆ. ಎರಡು ದಿನದಾಗ ಟೊಂಕ ಮತ್ತ ಹಿಡಕೊಂತು. ಎಣ್ಣಿ ಹಚ್ಚೇ ಹಚ್ಚಿದೆ, ಸೀಸೆ ಖಾಲಿ ಆತು, ಏನೂ ಇಲ್ಲ. ಆ ಏಳು ಮಂದಿಯೊಳಗ ಒಬ್ಬಾಕಿಗೂ ಗುಣ ಇಲ್ಲ. ಮುದುಕವ್ವ ಅನ್ನಾಕಿ ಅಂತೂ ಬಗ್ಗಾಕ ಬರದಂಗಾಗಿ ಮೂರು ದಿನ ಹಾಸಿಗಿ ಹಿಡದ್ಲು. ಎದ್ದು ಬಂದಾಕಿ, "ನಿನ್ನ ಮಾತು ಕಟಗೊಂಡು ಹೋದ್ವಲ್ಲ, ನಿನ್ನ ಬಾಯಾಗ ಮಣ್ಣು ಹಾಕ" ಅಂದ್ಲು. ಅನ್ನಲಿ ಬಿಡ್ರಿ. ನನಗೂ ನನ್ನ ಮ್ಯಾಲ ಅಷ್ಟ ಸಿಟ್ಟು ಇತ್ತು.

ಆದ್ರ ಒಂದು ಮಾತು ತಲಿಯಾಗ ಕೊರಿಯಾಕ ಹತ್ತಿತು. ಸಿದ್ದಕ್ಕಗ ಐವತ್ತು ದಾಟೈತಿ. ಹತ್ತು ಮಂದಿಯೊಳಗ ಟೊಂಕ ನೋವು ಅಂತ ಒಂದು ದಿನಾನೂ ಅನ್ನದಾಕಿ ಆಕಿ ಒಬ್ಬಾಕಿನ. ನನಗ ಆರಾಮ ಅನಸಿದ್ದೂ ಆಕಿ ಮಷೀನಿನ ಮುಂದ ನಿಂತಾಗ ಮಾತ್ರ. ಊಟದ ಹೊತ್ತಿನಾಗ ಹೋಗಿ ಏಳನೇ ಮಷೀನಿನ ಮುಂದ ನಿಂತೆ. ಕೆಳಗ ನೋಡಿದೆ. ಸಿದ್ದಕ್ಕ ಕೆಲಸಕ್ಕ ಸೇರೂ ಮೊದಲ ಎಂದೋ ಅಲ್ಲೆ ನೀರಿನ ಪೈಪ್ ಒಡದು, ನೆಲ ಅಗದು, ಹೊಸ ಸಿಮೆಂಟ್ ಹಾಕಿದ್ರು. ಹಾಕಿದ ಗೌಂಡಿ ಅಳತಿ ತಪ್ಪಿ ಅಷ್ಟು ಜಾಗಾನ ನಾಕು ಬೆರಳು ಎತ್ತರ ಮಾಡಿಟ್ಟಿದ್ದ. ಅಷ್ಟ ನೋಡ್ರಿ! ಪೆಡಲ್ ಇಟ್ಟದ್ದು ಎತ್ತರದ ಗಂಡಸರ ಕಾಲಿಗೆ. ನಾವು ಗಿಡ್ಡ ಹೆಂಗಸರು ದಿನಕ್ಕ ಮೂರು ಸಾವಿರ ಸಲ ಮೊಣಕಾಲು ಎತ್ತಿ ಎತ್ತಿ ತುಳಿತೀವಿ, ಮೈ ಭಾರ ಎಲ್ಲಾ ಎಡ ಟೊಂಕಕ್ಕ. ನಿಂತ ನೆಲ ಎತ್ತರ ಆದ್ರ ಕಾಲು ಅಷ್ಟು ಎತ್ತೂದು ಬ್ಯಾಡ. ಗೌಂಡಿ ಮಾಡಿದ ತಪ್ಪು ಸಿದ್ದಕ್ಕನ ಟೊಂಕ ಉಳಿಸಿತ್ತು.

ನೆತ್ತಿಗೇರಿತು ಸಿಟ್ಟು. ಡಾಕ್ಟರು ನನ್ನ ಎಲುಬು ನೋಡಿದ, ಶ್ಯಾಮಣ್ಣ ನನ್ನ ಬೆನ್ನು ಮುರದ, ಲಕ್ಷ್ಮಮ್ಮ ಉಸುಕು ಕಾಸಿದ್ರು. ತಪ್ಪು ನನ್ನ ಮೈಯಾಗ ಐತಿ ಅಂತ ಎಲ್ಲಾರೂ ಹುಡುಕಿದ್ದ ಹುಡುಕಿದ್ದು. ಒಬ್ಬರರ "ನಿನ್ನ ಕಾಲ ಕೆಳಗ ಏನೈತಿ ಹನುಮವ್ವ" ಅಂತ ಕೇಳಿದ್ರೇನು? ಮೂರು ವರ್ಷ ರೀ! ಮೂರು ವರ್ಷ ನನ್ನ ನುಗ್ಗು ಮಾಡಿದ್ದು ನಾಕು ಬೆರಳು.

ಸ್ಕ್ರಾಪಿನಾಗ ಸಾಮಾನು ಪೇರಿಸೂ ಕಟಗಿ ಪ್ಯಾಲೆಟ್ ಮುರದು ಬಿದ್ದಿದ್ವು. ಮಷೀನ್ ರಿಪೇರಿ ಮಾಡೂ ಮರೆಪ್ಪ ನಮ್ಮ ಕಡಿಯವನ, ಅವನ ಹಿಡದು ನಾಕು ಬೆರಳು ಎತ್ತರ ಬರೂ ಹಂಗ ಎರಡು ಹಲಗಿ ಕೂಡಿಸಿ ಮೊಳಿ ಹೊಡಿಸಿಕೊಂಡೆ. ಅದರ ಮ್ಯಾಲ ನಿಂತು ಕೆಲಸ ಶುರು ಮಾಡಿದೆ. ಹತ್ತು ದಿನದಾಗ ಗ್ವಾಡಿ ಹಿಡಿಯೂದು ಬಿಟ್ಟೆ. ಈ ಸಲ ಯಾರಿಗೂ ಹೇಳಲಿಲ್ಲ. ಅವರ ನೋಡಿ ಕೇಳಿದ್ರು. ಸಿದ್ದಕ್ಕನ ಬಿಟ್ಟು ಎಲ್ಲಾರಿಗೂ ಮರೆಪ್ಪ ಹಲಗಿ ಮಾಡಿಕೊಟ್ಟ. ಒಂದು ತಿಂಗಳಿಗೆ ಮುದುಕವ್ವ ಬಂದು ನನ್ನ ಗಲ್ಲ ಹಿಡದು, "ನಿನ್ನ ಬಾಯಾಗ ಸಕ್ಕರಿ ಹಾಕ" ಅಂದ್ಲು.

ಸಕ್ಕರಿ ಹಾಕೂ ಬಾಯಿ ಅಲ್ಲ ಇದು, ಹೊಲಿಗಿ ಹಾಕೂ ಬಾಯಿ. ಯಾಕಂದ್ರ ಇಷ್ಟು ದಿನ ನಮ್ಮ ಕಾಲ ಕೆಳಗ ನೋಡದ ಚಿರಂಜೀವಿ ಮರುದಿನ ಬಂದ. "ಯಾರಮ್ಮ ಇದನ್ನ ಇಲ್ಲಿ ಇಟ್ಟಿದ್ದು? ಯಾರಾದ್ರೂ ಎಡವಿ ಬಿದ್ರೆ ನನ್ ತಲೆಗೆ ಬರುತ್ತೆ. ತೆಗೀರಿ, ತೆಗೀರಿ" ಅಂತ ಹಲಗಿಗೆ ಬೂಟುಗಾಲಿಲೆ ಒದ್ದ. ಹಲಗಿ ಉಳಿಸಬೇಕಲ್ಲ, ಬಾಯಿಗೆ ಬಂದದ್ದು ಅಂದುಬಿಟ್ಟೆ: "ತೆಗೀಬ್ಯಾಡ್ರಿ ಸಾರ್! ಟೊಂಕ ನೋವು ಹೋಗೈತಿ. ಬೇಕಂದ್ರ ಕೌಂಟರ್ ನೋಡ್ರಿ, ದಿನಾ ಮೂರು ಸಾವಿರದ ಮುನ್ನೂರು ಆಗಾಕತ್ತೈತಿ."

ಅವ ಕೌಂಟರ್ ನೋಡಿದ. ಹಲಗಿ ನೋಡಿದ. ಒದ್ದ ಹಲಗಿನ ಬೂಟುಗಾಲಿಲೆ ವಾಪಸ್ ಜಾಗಾಕ್ಕ ನೂಕಿ ಹೋದ.

ಮುಂದಿನ ವಾರ ಹಲಗಿಗೆಲ್ಲಾ ಹಳದಿ ಕರಿ ಪಟ್ಟಿ ಬಣ್ಣ ಬಂತು. ಗೇಟಿನ ಹತ್ರ ಬೋರ್ಡಿನಾಗ ಚಿರಂಜೀವಿಯ ಫೋಟೋ ಬಂತು, ಹಲ್ಲು ಕಿಸಕೊಂಡು. ಕೆಳಗ ಬರದಿತ್ತು: "ಹೊಸ ಸುಧಾರಣೆ: ನಿಲ್ಲುವ ಹಲಗೆ. ಲಾಭ: ಉತ್ಪಾದನೆಯಲ್ಲಿ ಶೇಕಡಾ ಹತ್ತು ಹೆಚ್ಚಳ." ಎರಡು ಸಲ ಓದಿದೆ. ನೋವು ಅನ್ನೂ ಶಬ್ದ ಎಲ್ಲೂ ಇಲ್ಲ. ಅದರ ಕೆಳಗ ಇನ್ನೊಂದು ಚೀಟಿ: ಸೋಮವಾರದಿಂದ ದಿನದ ಟಾರ್ಗೆಟ್ ಮೂರೂವರೆ ಸಾವಿರ.

ಮೂರೂವರೆ ಸಾವಿರ! ಬುಧವಾರಕ್ಕ ದುರ್ಗವ್ವ ಮತ್ತ ಟೊಂಕಕ್ಕ ಕೈ ಕೊಟ್ಟು ನಡಿಯಾಕ ಹತ್ತಿದ್ಲು. ಎಂದೂ ಅನ್ನದ ಸಿದ್ದಕ್ಕನೂ ಅಯ್ಯಪ್ಪಾ ಅಂದ್ಲು. ನನಗ ಗ್ವಾಡಿ ಮತ್ತ ಬೇಕಾತು. ಹೋಗಿ ಚಿರಂಜೀವಿಗೆ ಕೇಳಿದೆ.

"ನೋವು ಹೋಗಿದೆ ಅಂತ ನೀವೇ ಹೇಳಿದ್ರಲ್ಲಮ್ಮ?" ಅಂದ. "ನೋವಿಲ್ಲ ಅಂದ್ಮೇಲೆ ಸ್ವಲ್ಪ ಜಾಸ್ತಿ ಮಾಡೋಕೇನು?"

ಕೇಳಿದ್ರೇನ್ರಿ ಈ ಮಾತು? ಮೂರು ವರ್ಷ ನೋವು ಉಂಡಾಕಿ ನಾನು, ಮದ್ದು ಹುಡುಕಿದಾಕಿ ನಾನು, ಆರಾಮ ಆದ್ರ ಆ ಆರಾಮ ಕಂಪನೀದಂತ! ಊಟದ ಹೊತ್ತಿನಾಗ ಎಲ್ಲಾರ ಮುಂದ ಕುಂತು ಹೇಳಿದೆ: "ಎರಡು ಸಲ ನನ್ನ ಬಾಯಿ ನಿಮ್ಮನ್ನ ಕೆಡಿಸೈತಿ. ಈ ಸಲ ಬಾಯಿ ಬ್ಯಾಡ, ಕಾಲಿಲೆ ಹೇಳೂಣು." ಏನ್ ಮಾಡಬೇಕು ಅನ್ನೂದನ್ನ ಸಣ್ಣ ದನಿಲೆ ಹೇಳಿದೆ. ಮುದುಕವ್ವ ರೊಟ್ಟಿ ಮುರಕೊಂತ, "ಆತು" ಅಂದ್ಲು.

ಮರುದಿನ ಹಲಗಿ ಮ್ಯಾಲ ನಿಂತು, ಯಾವ ಅವಸರಾನೂ ಮಾಡದ, ತಪ್ಪಿಲ್ಲದ ಕೆಲಸ ಮಾಡಿದೆ. ಕೌಂಟರಿನಾಗ ಮೂರು ಸಾವಿರ ಬಂತು. ಪೆಡಲ್ ಮ್ಯಾಲಿನ ಕಾಲು ತಗದೆ. ಸ್ವಲ್ಪ ಹೊತ್ತಿಗೆ ದುರ್ಗವ್ವನ ಪ್ರೆಸ್ ನಿಂತಿತು. ಆಮ್ಯಾಲ ಸಿದ್ದಕ್ಕಂದು. ಮುದುಕವ್ವಂದು ಎಲ್ಲಾದಕ್ಕಿಂತ ಕಡೀಕ ನಿಂತಿತು. ಹನ್ನೊಂದು ವರ್ಷದಾಗ ಮೊದಲ ಸಲ ಕೆಲಸದ ಹೊತ್ತಿನಾಗ ಆ ಶೆಡ್ಡಿನಾಗ ಫ್ಯಾನಿನ ಸಪ್ಪಳ ಕೇಳಿದೆ.

ಚಿರಂಜೀವಿ ಓಡಿ ಬಂದ. "ಯಾಕಮ್ಮ ನಿಲ್ಸಿದ್ರಿ? ಇನ್ನೂ ಮುಕ್ಕಾಲು ಗಂಟೆ ಇದೆ! ಸೊಂಟ ನೋಯ್ತಿದ್ಯಾ?"

"ಇಲ್ರಿ ಸಾರ್."

"ನೋಯ್ತಿಲ್ಲ ಅಂದ್ರೆ ಮತ್ಯಾಕೆ?"

"ನೋಯಬಾರದು ಅಂತನ ನಿಲ್ಸೀನಿ."

ಅವ ಸಾಲಿನ ಉದ್ದಕ್ಕ ನೋಡಿದ. ಹತ್ತೂ ಪೆಡಲ್ ಖಾಲಿ. ದನಿ ಇಳಿಸಿ, "ಮೇಲಿನವರು ಕೇಳಿದ್ರೆ ನಾನ್ ಏನ್ ಹೇಳ್ಲಿ?" ಅಂದ.

"ಬೋರ್ಡಿನಾಗ ನಿಮ್ಮ ಫೋಟೋ ಐತಲ್ರಿ, ಅದರ ಕೆಳಗ ತಿದ್ದಿ ಬರೀರಿ" ಅಂದೆ. "ಲಾಭ: ಹತ್ತು ಹೆಂಗಸರ ಟೊಂಕ."

ಅವನ ಉತ್ತರಕ್ಕ ನಾನು ಕಾಯಲಿಲ್ಲ. ಹಲಗಿ ಎಳಕೊಂಡು, ಮಷೀನಿಗೆ ಬೆನ್ನು ಹಚ್ಚಿ, ಅದರ ಮ್ಯಾಲ ಕುಂತೆ.