ಒಬ್ಬಳಿಗೆ ಇಬ್ಬರು

ಟೀ ಮಾಡಿಕೊಂಡು ಬನ್ನಿ ಎಂದು ಸುಮನಾ ಹೇಳಿದಾಗಲೇ ಅಂಜಿನಮ್ಮನಿಗೆ ಗೊತ್ತಾಯಿತು, ತನ್ನನ್ನು ಎಬ್ಬಿಸಿ ಕಳಿಸುತ್ತಿದ್ದಾರೆ ಎಂದು. ಒಂಬತ್ತು ವರ್ಷದಲ್ಲಿ ಪ್ರಾಕ್ಟೀಸು ಮುಗಿದ ಮೇಲೆ ಯಾರೂ ಟೀ ಕೇಳಿದವರಲ್ಲ. ಕೈಕಾಲು ತೊಳೆದು ಮನೆಗೆ ಓಡುವ ಧಾವಂತವೇ ಎಲ್ಲರಿಗೂ. ಪಂಚನಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಅವಳದೇ ಆದ್ದರಿಂದ ಅಡಿಗೆಕೋಣೆಯ ಬೀಗದ ಕೈ ಸದಾ ಅವಳ ಸೊಂಟದಲ್ಲಿರುತ್ತಿತ್ತು. ಒಳಗೆ ಹೋಗಿ ಒಲೆ ಹಚ್ಚಿ ಪಾತ್ರೆ ಇಟ್ಟಳು. ಇಷ್ಟೆಲ್ಲ ಉಪಾಯ ಮಾಡಿದ ಹೆಂಗಸರು ಪಾಪ ಒಂದನ್ನು ಮರೆತಿದ್ದರು. ಮಕ್ಕಳಿಗೆ ತಟ್ಟೆ ಕೊಡುವ ಕಿಟಕಿ ಜಗುಲಿಯ ಕಡೆಗೇ ಇದೆ, ಅದಕ್ಕೆ ಬಾಗಿಲೂ ಇಲ್ಲ.

ವಿಷಯ ಇಷ್ಟು. ಕಡೂರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಹೆಂಗಸರ ಥ್ರೋಬಾಲ್ ಪಂದ್ಯಕ್ಕೆ ನಾಲ್ಕು ತಂಡಗಳು ಬರುತ್ತವೆ: ಪಂಚನಹಳ್ಳಿ, ತರೀಕೆರೆ, ಅಜ್ಜಂಪುರ, ಲಕ್ಕವಳ್ಳಿ. ಆಡುವವರಲ್ಲಿ ಮದುವೆಯಾಗಿ ಊರು ಬಿಡುವವರು, ಬಸುರಿಯರು, ಬಾಣಂತಿಯರು ಇದ್ದೇ ಇರುತ್ತಾರೆ. ಅದಕ್ಕೇ ನಡೆಸುವವರು ಒಂದು ಅನುಕೂಲ ಮಾಡಿಕೊಟ್ಟಿದ್ದರು: ಪಂದ್ಯಕ್ಕೆ ತಿಂಗಳಿರುವ ತನಕ ತಂಡಗಳು ತಮ್ಮತಮ್ಮೊಳಗೆ ಆಟಗಾರ್ತಿಯರನ್ನು ಬದಲಾಯಿಸಿಕೊಳ್ಳಬಹುದು. ಇಷ್ಟು ವರ್ಷ ಅದು ಬರೀ ಕಾಗದದ ಮೇಲಿತ್ತು. ಈ ಸಲ ತರೀಕೆರೆಯ ಕ್ಯಾಪ್ಟನ್ ಕೋಮಲಾ ಪಂಚನಹಳ್ಳಿಯ ಕ್ಯಾಪ್ಟನ್ ಸುಮನಾಗೆ ಫೋನು ಮಾಡಿ, ಸರ್ವಿಸ್ ಮಾಡುವ ಅಂಜಿನಮ್ಮನನ್ನೇ ಕೇಳಿದ್ದಳು.

ಹಿಂದಿನ ಗೆರೆಯ ಆಚೆ ನಿಂತು ಒಂದೇ ಕೈಯಲ್ಲಿ ಚೆಂಡೆಸೆದು ಆಟ ಶುರು ಮಾಡುವುದು ಸರ್ವಿಸ್. ಎದುರಿನವರು ಅದನ್ನು ಎರಡೂ ಕೈಯಲ್ಲಿ ಜಾರದಂತೆ ಹಿಡಿದು ವಾಪಸ್ಸು ಎಸೆಯಬೇಕು. ಅಂಜಿನಮ್ಮನ ಸರ್ವಿಸ್ ಈ ಸೀಮೆಗೆಲ್ಲ ಗೊತ್ತಿದ್ದದ್ದು. ಚೆಂಡು ನೆಟ್ಟಿನ ಮೇಲೆ ಒಂದು ಗೇಣು ಎತ್ತರದಲ್ಲಿ ದಾಟಿ, ದಾಟಿದ ಕೂಡಲೇ ಕೆಳಗೆ ಬೀಳುತ್ತಿತ್ತು. ಮೂವತ್ತು ವರ್ಷ ಮುದ್ದೆ ತಿರುವಿದ ಮಣಿಕಟ್ಟು ಅದು, ಕೊನೇ ಗಳಿಗೆಯಲ್ಲಿ ಒಂದು ತಿರುವು ಕೊಡುತ್ತಿತ್ತು. ಒಂಬತ್ತು ವರ್ಷದಲ್ಲಿ ಒಂದು ಚೆಂಡನ್ನೂ ಅವಳು ನೆಟ್ಟಿಗೆ ಹೊಡೆದಿರಲಿಲ್ಲ.

ಈಗ ಕಿಟಕಿಯಿಂದ ಬರುತ್ತಿದ್ದ ಮಾತು ಬೇರೆಯದೇ ಆಗಿತ್ತು. ಹೋದ ಎರಡು ವರ್ಷದಿಂದ ಎದುರಿನವರೆಲ್ಲ ಮುಂದಕ್ಕೆ ಬಂದು ನಿಂತು ಆ ಚೆಂಡನ್ನು ಹಿಡಿಯುತ್ತಿದ್ದಾರೆ ಎಂದು ತಂಡದ ನಯನ ಹೇಳಿದಳು. ಅಕ್ಕನ ಕೈ ಸೋತಿದೆ, ಹಿಂದಿನ ಗೆರೆಯ ತನಕ ಚೆಂಡು ಹೋಗುವುದೇ ಇಲ್ಲ, ದೂರ ಎಸೆಯುವವರು ಬೇಕು ಎಂದಳು. ತರೀಕೆರೆಯವರು ಕೊಡುತ್ತೇವೆ ಎಂದಿದ್ದು ಕಾಲೇಜಿನ ಇಬ್ಬರು ಹುಡುಗಿಯರನ್ನು, ಧನ್ಯಶ್ರೀ ಮತ್ತು ಶಶಿ. ಇಬ್ಬರೂ ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ.

ತೀರ್ಥಮ್ಮ ಒಬ್ಬಳು ಒಪ್ಪಲಿಲ್ಲ. ಕೊಬ್ಬರಿ ಮಂಡಿಯವರ ಮನೆಯ ಹೆಂಗಸು ಅವಳು. ಅಂಜಿನಮ್ಮನೂ ಅವಳೂ ಒಂದೇ ವಯಸ್ಸು. ಊರಿನ ಮಹಿಳಾ ಸಂಘದ ಹೆಂಗಸರಿಗೆ ಥ್ರೋಬಾಲ್ ಎಂದರೆ ಏನೆಂದೇ ತಿಳಿಯದಿದ್ದಾಗ ಮನೆಮನೆಗೆ ಹೋಗಿ, ಗಂಡಂದಿರ ಹತ್ತಿರ, ಅತ್ತೆಯರ ಹತ್ತಿರ ಮಾತಾಡಿ ಏಳು ಜನರನ್ನು ಕೂಡಿಸಿದ್ದು ಅಂಜಿನಿ ಎಂದು ಅವಳು ನೆನಪಿಸಿದಳು. "ತಂಡ ಕಟ್ಟಿದೋಳ್ನೇ ಕೊಟ್‌ಬಿಟ್ರೆ ಊರೋರು ಏನಂತಾರೆ?" ಎಂದಳು.

ಸುಮನಾ ಊರಿನ ಗ್ರಂಥಾಲಯ ನೋಡಿಕೊಳ್ಳುವವಳು. ಮೆತ್ತಗೆ ಮಾತಾಡಿ ಅಭ್ಯಾಸ. ಥ್ರೋಬಾಲ್ ಆಡುವುದನ್ನು ಅವಳಿಗೆ ಕಲಿಸಿದ್ದೂ ಅಂಜಿನಮ್ಮನೇ. "ನಂಗೇನ್ ಇಷ್ಟಾನಾ ತೀರ್ಥಕ್ಕ? ಅಕ್ಕ ಇದ್ರೂ ಸೋಲ್ತಾ ಇದೀವಲ್ಲ," ಎಂದಳು. ತೀರ್ಥಮ್ಮನೊಬ್ಬಳನ್ನು ಬಿಟ್ಟು ಉಳಿದವರು ಒಬ್ಬೊಬ್ಬರಾಗಿ ಹೂಂ ಎಂದರು.

ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅವಳು ತನ್ನ ಬಲಗೈಯನ್ನೇ ನೋಡಿಕೊಂಡಳು. ಇನ್ನೂರು ಮಕ್ಕಳ ಸಾಂಬಾರಿನ ಪಾತ್ರೆ ಇಳಿಸುವ ಕೈ. ಸೋತಿದೆಯಾ? ಇರಬಹುದು. ನಲವತ್ತಾರಾಯಿತು. ಸಿಟ್ಟು ಬಂತು. ಹಾಗಂತ ಮುಖಕ್ಕೆ ನೇರವಾಗಿ ಹೇಳಿದ್ದರೆ ತಾನೇ ಬಿಟ್ಟುಕೊಡುತ್ತಿದ್ದೆ ಎಂದುಕೊಂಡಳು. ಅದು ಸುಳ್ಳೆಂದು ಅವಳಿಗೂ ಗೊತ್ತಿತ್ತು.

ಟೀ ತಟ್ಟೆ ತಂದು ಜಗುಲಿಯ ನಡುವೆ ಇಟ್ಟಳು. ಎಲ್ಲರೂ ಲೋಟದ ಕಡೆ ನೋಡಿದರು. "ನಂಗೆ ಎಷ್ಟ್ ಜನಾನ ಕೊಡ್ತಾರಂತೆ?" ಎಂದು ಕೇಳಿದಳು.

ಸುಮನಾ ಕಿಟಕಿಯ ಕಡೆ ತಿರುಗಿ ನೋಡಿ, ಮುಖ ಕೆಂಪಗೆ ಮಾಡಿಕೊಂಡು, "ಇಬ್ರು ಅಕ್ಕ," ಎಂದಳು.

"ಒಬ್ಳಿಗೆ ಇಬ್ರು. ಕೊಡಿ ಹಂಗಾದ್ರೆ. ಮೋಸ ಇಲ್ಲ ವ್ಯಾಪಾರ."

ಹೊರಡುವ ಭಾನುವಾರ ತೀರ್ಥಮ್ಮ ಒಂದು ಹಟ ಹಿಡಿದಳು. ಊರ ಹೆಣ್ಣು ಬೇರೆ ತಂಡಕ್ಕೆ ಹೋಗುತ್ತಿದ್ದಾಳೆ, ಬರಿಗೈಲಿ ಕಳಿಸಬಾರದು, ಮಡಿಲು ತುಂಬಬೇಕು ಎಂದಳು. ಆಡುವ ಮೈದಾನದಲ್ಲೇ ಒಂದು ಚಾಪೆ ಹಾಸಿ ಅಂಜಿನಮ್ಮನನ್ನು ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ ಹಾಕಿದರು. ನಗುತ್ತಾ ಶುರು ಮಾಡಿದವರು ನಡುವೆ ಮೂಗು ಒರೆಸಿಕೊಂಡರು. ತುಂಬಿಸಿಕೊಂಡವಳು ಏಳುವ ಮುಂಚೆ ಮಡಿಲಿನಿಂದ ಒಂದು ಹಿಡಿ ಅಕ್ಕಿ ತೆಗೆದು ತವರಿನ ತಟ್ಟೆಗೆ ವಾಪಸ್ಸು ಹಾಕುವುದು ಅವರ ಕಡೆಯ ಪದ್ಧತಿ. ತವರು ಬರಿದಾಗದಿರಲಿ ಎಂದು. ಸುಮನಾ ತಟ್ಟೆ ಹಿಡಿದು ನಿಂತಿದ್ದಳು. ಅಂಜಿನಮ್ಮ ಸೆರಗಿನ ಗಂಟು ಬಿಗಿಯಾಗಿ ಕಟ್ಟಿಕೊಂಡು ಎದ್ದು ಬಸ್ಸಿನ ಕಡೆ ನಡೆದುಬಿಟ್ಟಳು. ತಟ್ಟೆ ಖಾಲಿಯೇ ಉಳಿಯಿತು. ಎಲ್ಲರೂ ಅದನ್ನು ನೋಡಿದ್ದರು.

ಅವಳ ಗಂಡ ಹೊನ್ನಯ್ಯ ತೆಂಗಿನಕಾಯಿ ಕೀಳುವವನು. ಮರದ ಮೇಲಿಂದಲೂ ಕೆಳಗಿದ್ದವರನ್ನು ರೇಗಿಸುವ ಬಾಯಿ. ಈ ವಯಸ್ಸಿಗೆ ನಿಂಗೆ ಇನ್ನೊಂದ್ಸಲ ಮದುವೆ ಆದಂಗಾಯ್ತು ನೋಡು ಎಂದು ನಕ್ಕ. ಅವಳು ನಗದಿದ್ದಾಗ ತಾನೂ ನಗು ನಿಲ್ಲಿಸಿ, ಭಾನುವಾರ ಭಾನುವಾರ ತರೀಕೆರೆಗೆ ಪ್ರಾಕ್ಟೀಸಿಗೆ ಹೋಗಿಬರುವ ಅವಳಿಗೆ ಬುತ್ತಿ ತಾನೇ ಕಟ್ಟಿಕೊಡಲು ಶುರು ಮಾಡಿದ.

ತರೀಕೆರೆಯ ಮೈದಾನ ಊರಾಚೆ ಬಯಲಿನಲ್ಲಿತ್ತು. ಮೊದಲ ದಿನ ಅಂಜಿನಮ್ಮ ಹತ್ತು ಸರ್ವಿಸ್ ಮಾಡಿದಳು, ಹತ್ತೂ ನೆಟ್ಟು ದಾಟಿ ಅದರ ಬುಡಕ್ಕೇ ಬಿದ್ದವು. ಕೋಮಲಾ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದವಳು ಹತ್ತಿರ ಬಂದು, ಕೈ ಪೂರಾ ಬೀಸುವ ಮುಂಚೆ ಯಾಕೆ ಹಿಂದಕ್ಕೆ ಎಳೆದುಕೊಳ್ಳುತ್ತೀರಿ ಎಂದು ಕೇಳಿದಳು. ಎಲ್ಲಿ ಎಳೆದುಕೊಂಡೆ ಎಂದಳು ಅಂಜಿನಮ್ಮ. ಕೋಮಲಾ ಫೋನಿನಲ್ಲಿ ತೆಗೆದ ವಿಡಿಯೋ ತೋರಿಸಿದಳು. ನಿಜವೇ. ಜೋರಾಗಿ ಮೇಲೆದ್ದ ಕೈ ಕಿವಿಯ ಪಕ್ಕಕ್ಕೆ ಬಂದ ಕೂಡಲೇ, ಯಾರೋ ಹಿಂದಿನಿಂದ ಹಿಡಿದುಕೊಂಡಂತೆ ತಡೆದು ನಿಲ್ಲುತ್ತಿತ್ತು.

ಎರಡನೇ ಸಲ ನೋಡುವಾಗ ಅವಳಿಗೆ ಹೊಳೆಯಿತು. ಬಾವಿ.

ಪಂಚನಹಳ್ಳಿ ಶಾಲೆಯ ಮೈದಾನಕ್ಕೆ ಒಂದು ಕಡೆ ಶಾಲೆಯ ಹೆಂಚಿನ ಮಾಡು, ಇನ್ನೊಂದು ಕಡೆ ಮೋಟು ಗೋಡೆ, ಅದರಾಚೆ ಸಿದ್ದಪ್ಪನವರ ತೋಟದ ಹಾಳು ಬಾವಿ. ತಂಡ ಕಟ್ಟಿದ ಮೊದಲ ವರ್ಷ ಅಂಜಿನಮ್ಮ ಎಸೆದ ಚೆಂಡು ಹಿಂದಿನ ಗೆರೆಯ ಹತ್ತಿರ ಬಿದ್ದು, ಪುಟಿದು, ಗೋಡೆ ಹಾರಿ ಬಾವಿಗೆ ಹೋಗುತ್ತಿತ್ತು. ಬೇರೆಯವರ ಚೆಂಡಿಗೆ ಅಷ್ಟು ಕಸುವಿರಲಿಲ್ಲ. ಮೂರು ಚೆಂಡು ಬಾವಿ ಪಾಲಾದವು. ಶಾಲೆಯ ಕಡೆ ತಿರುಗಿ ಎಸೆದರೆ ಹೆಂಚು ಒಡೆಯುತ್ತಿತ್ತು. ಸಿದ್ದಪ್ಪನವರು ಬೈದರು, ಮೇಷ್ಟ್ರು ಬೈದರು. ಅವಳು ಕೈ ಹಿಡಿತದಲ್ಲಿಟ್ಟು ಎಸೆಯುವುದನ್ನು ಕಲಿತಳು. ಒಂಬತ್ತು ವರ್ಷಕ್ಕೆ ಅದೇ ಅವಳ ಆಟವಾಯಿತು. ಹಾಗೆ ಯಾಕೆ ಎಸೆಯುತ್ತಾಳೆ ಎನ್ನುವುದನ್ನು ತಂಡದವರು ಮರೆತರು, ಅವಳೂ ಮರೆತಳು. ಇಲ್ಲದ ಬಾವಿಗೆ ಹೆದರಿ ಅವಳ ಕೈ ಕಡೂರಿನಲ್ಲೂ ಹಿಂದಕ್ಕೆ ಸರಿಯುತ್ತಿತ್ತು.

ಅವಳು ಸುತ್ತ ನೋಡಿದಳು. ಹಿಂದಿನ ಗೆರೆಯಾಚೆ ಬರೀ ಗರಿಕೆ, ಅದರಾಚೆ ಎರಡು ದನ, ಅದರಾಚೆ ರೋಡು. ಚೆಂಡು ಹಿಡಿದು ಉಸಿರೆಳೆದುಕೊಂಡು ಪೂರಾ ಕೈ ಬೀಸಿದಳು. ಚೆಂಡು ಎಲ್ಲರ ತಲೆಯ ಮೇಲೆ ಹೋಗಿ ಗೆರೆಯಿಂದ ಆಚೆ ನಾಲ್ಕು ಮಾರು ದೂರ ಬಿತ್ತು. ಒಂದು ದನ ತಲೆಯೆತ್ತಿತು. "ಔಟು," ಎಂದಳು ಕೋಮಲಾ. ಅವಳ ಮುಖ ಮಾತ್ರ ಅರಳಿತ್ತು. ಅಂಜಿನಮ್ಮ ನಕ್ಕಳು, ನಗುತ್ತಲೇ ಇದ್ದಳು. ಔಟಾದರೆ ಆಗಲಿ. ಕೈ ಇನ್ನೂ ಇದೆ.

ಉಳಿದ ಮೂರು ಭಾನುವಾರ ಅವಳು ಉದ್ದದ ಸರ್ವಿಸನ್ನು ಗೆರೆಯೊಳಗೆ ಬೀಳಿಸುವುದನ್ನು ಕಲಿತಳು. ಪಂದ್ಯ ಬಂದಾಗ ಕೋಮಲಾಗೆ ಒಂದೇ ಮಾತು ಹೇಳಿದ್ದಳು: ನಾನು ಹೇಳೋ ತನಕ ಹಳೇದನ್ನೇ ಎಸೀತೀನಿ. ಲಕ್ಕವಳ್ಳಿಯನ್ನು ಹಳೆಯದರಲ್ಲೇ ಕಷ್ಟಪಟ್ಟು ಸೋಲಿಸಿದರು. ಆ ಕಡೆ ಪಂಚನಹಳ್ಳಿ, ಇಬ್ಬರು ಎತ್ತರದ ಹುಡುಗಿಯರ ಕೈಯಿಂದ, ಅಜ್ಜಂಪುರವನ್ನು ಒದ್ದೆ ಬಟ್ಟೆ ಹಿಂಡುವ ಹಾಗೆ ಹಿಂಡಿ ಫೈನಲ್ಲಿಗೆ ಬಂದಿತು.

ಫೈನಲ್ಲಿನಲ್ಲಿ ಸೆಟ್ಟು ಒಂದೊಂದಾಯಿತು. ಸುಮನಾ ಅಂಜಿನಮ್ಮನ ಸರ್ವಿಸನ್ನು ನಿದ್ದೆಯಲ್ಲೂ ಹಿಡಿಯಬಲ್ಲವಳು. ಎಲ್ಲರನ್ನೂ ಮುಂದಕ್ಕೆ ಕರೆದು ನೆಟ್ಟಿನ ಹತ್ತಿರ ಬೇಲಿ ಕಟ್ಟಿದಂತೆ ನಿಲ್ಲಿಸಿದ್ದಳು, ಹಿಂದೆ ಅರ್ಧ ಅಂಕಣ ಖಾಲಿ ಬಿದ್ದಿತ್ತು. ಮೂರನೇ ಸೆಟ್ಟು ಹದಿನೈದರ ಆಟ. ಪಂಚನಹಳ್ಳಿ ಹದಿಮೂರು, ತರೀಕೆರೆ ಹನ್ನೊಂದು ಆದಾಗ ಚೆಂಡು ಅಂಜಿನಮ್ಮನ ಕೈಗೆ ಬಂತು. ತಂಡಕ್ಕೆ ಪಾಯಿಂಟು ಬರುತ್ತಿರುವ ತನಕ ಸರ್ವಿಸ್ ಅವಳದೇ.

ಸುತ್ತ ನಿಂತವರಲ್ಲಿ ಪಂಚನಹಳ್ಳಿಯವರೇ ಹೆಚ್ಚು. ಅವಳ ಕೈಯಿಂದ ಉಂಡ ಮಕ್ಕಳೂ ಆ ಕಡೆಗೇ ಕೂಗುತ್ತಿದ್ದರು. ಹೊನ್ನಯ್ಯ ಬಾಯಿಗೆ ಟವೆಲು ಅಡ್ಡ ಹಿಡಿದು ಯಾರ ಕಡೆಗೂ ಕೂಗದೆ ನಿಂತಿದ್ದ. ಅಂಜಿನಮ್ಮ ಕೋಮಲಾಗೆ ತಲೆಯಾಡಿಸಿದಳು.

ಮೊದಲ ಚೆಂಡು ಬೇಲಿಯ ಮೇಲೆ ಹಾರಿ ಗೆರೆಯಿಂದ ಒಂದು ಅಡಿ ಒಳಗೆ ಬಿತ್ತು. ಅಲ್ಲಿ ಯಾರೂ ಇರಲಿಲ್ಲ. ಕೈ ತಪ್ಪಿ ಹೋಗಿರಬೇಕು ಎಂದು ನಯನ ಜೋರಾಗಿಯೇ ಹೇಳಿದಳು. ಎರಡನೆಯದೂ ಅಲ್ಲಿಗೇ ಹೋಯಿತು. ಹಿಂದಕ್ಕೆ ಓಡಿದ ನಯನಳ ಬೆರಳಿನ ತುದಿಗೆ ತಾಗಿ ಆಚೆ ಬಿತ್ತು. ಹದಿಮೂರು ಹದಿಮೂರು. ಮಕ್ಕಳ ಕೂಗು ನಿಂತಿತು. ಸುಮನಾ ಕೈ ಬೀಸಿ ಎಲ್ಲರನ್ನೂ ಹಿಂದಕ್ಕೆ ಕಳಿಸಿದಳು. ಅಂಜಿನಮ್ಮ ಕಾಯ್ದಿದ್ದು ಅದಕ್ಕೇ. ಮೂರನೆಯ ಚೆಂಡು ನೆಟ್ಟಿನ ಮೇಲೆ ಒಂದು ಗೇಣು ಎತ್ತರದಲ್ಲಿ ದಾಟಿ, ದಾಟಿದ ಕೂಡಲೇ ಬಿದ್ದು ಅಲ್ಲೇ ಉರುಳಿತು. ತೀರ್ಥಮ್ಮ ತಾನು ಎದುರು ತಂಡದವಳು ಎಂಬುದನ್ನೂ ಮರೆತು ನಕ್ಕುಬಿಟ್ಟಳು.

ಕೊನೆಯ ಚೆಂಡಿಗೆ ಧನ್ಯಶ್ರೀ, ಶಶಿ ಮುಂದೆ ಬಂದರು, ಹಿಂದಿನ ಗೆರೆಗೆ ಸುಮನಾ ತಾನೇ ಹೋದಳು. ಅವಳೂ ಅಂಜಿನಮ್ಮನೂ ಒಬ್ಬರನ್ನೊಬ್ಬರು ನೋಡಿಕೊಂಡರು. ಎಲ್ಲಿಗೆ ಬರುತ್ತದೆಂದು ಸುಮನಾಗೆ ಗೊತ್ತಿತ್ತು, ಅವಳಿಗೆ ಗೊತ್ತಿದೆ ಎಂದು ಅಂಜಿನಮ್ಮನಿಗೂ ಗೊತ್ತಿತ್ತು. ಆದರೂ ಅಲ್ಲಿಗೇ ಎಸೆದಳು, ಒಂಬತ್ತು ವರ್ಷ ತಡೆದಿಟ್ಟ ಕಸುವನ್ನೆಲ್ಲ ಸೇರಿಸಿ. ಚೆಂಡು ಸುಮನಾಳ ಎರಡೂ ಕೈಗೆ ಸರಿಯಾಗಿ ಬಂತು, ಎದೆಗೆ ಬಡಿಯಿತು, ಜಾರಿ ಹೋಯಿತು.

ತರೀಕೆರೆಯ ಹುಡುಗಿಯರು ಅಂಜಿನಮ್ಮನನ್ನು ಎತ್ತಿಕೊಳ್ಳಲು ಹೋಗಿ, ಆಗದೆ, ಅವಳ ಸುತ್ತಲೇ ಕುಣಿದರು. ಹೊನ್ನಯ್ಯ ಟವೆಲು ತೆಗೆದು ತಲೆಯ ಮೇಲೆ ತಿರುಗಿಸುತ್ತ, ಸಿಕ್ಕಸಿಕ್ಕವರಿಗೆಲ್ಲ ಆಕೆ ನಮ್ಮನೆಯೋಳು ಎಂದು ಹೇಳುತ್ತಿದ್ದ. ಅವಳು ತನ್ನ ಖುಷಿಯನ್ನು ಮುಚ್ಚಿಡಲು ಹೋಗಲಿಲ್ಲ. ಕಪ್ಪನ್ನು ಎರಡೂ ಕೈಯಲ್ಲಿ ಎತ್ತಿ ಪಂಚನಹಳ್ಳಿಯವರ ಕಡೆಗೇ ತಿರುಗಿ ಹಿಡಿದಳು, ಚೆನ್ನಾಗಿ ಕಾಣಲಿ ಎಂದು.

ಕಪ್ಪು ತರೀಕೆರೆಗೆ ಹೋಯಿತು. ಅಂಜಿನಮ್ಮನ ಮನೆ ಇರುವುದು ಪಂಚನಹಳ್ಳಿಯಲ್ಲಿ. ಸಂಜೆ ಐದೂವರೆಗೆ ಊರ ಕಡೆ ಹೊರಡುವ ಬಸ್ಸು ಒಂದೇ. ಸೋತವರ ನಡುವೆ, ಕೊರಳಿಗೆ ಮೆಡಲು ಹಾಕಿಕೊಂಡು, ಸುಮನಾಳ ಪಕ್ಕದ ಸೀಟೇ ಖಾಲಿಯಿದ್ದದ್ದರಿಂದ ಅಲ್ಲೇ ಕೂತಳು. ಕಡೂರು ದಾಟಿ ತೆಂಗಿನ ತೋಟಗಳು ಶುರುವಾದವು.

"ಅಷ್ಟ್ ದೂರ ಹೋಗೋ ಕೈ ಎಲ್ಲಿಟ್ಕೊಂಡಿದ್ರಿ ಅಕ್ಕ?" ಎಂದು ಸುಮನಾ ಕೊನೆಗೆ ಕೇಳಿದಳು.

"ನಿಮ್ ಎದುರಿಗೇ ಇತ್ತು ಕಣೇ. ಬಾವಿ ಇತ್ತಲ್ಲ, ಅದ್ಕೇ ಕಾಣ್ಲಿಲ್ಲ."

ಹಿಂದಿನ ಸೀಟಿನಲ್ಲಿ ತೀರ್ಥಮ್ಮ ಹಣೆ ಹಣೆ ಬಡಿದುಕೊಂಡಳು. ಮೂರು ಚೆಂಡಿನ ಕಥೆ ಅವಳಿಗೆ ಈಗ ನೆನಪಾಯಿತು, ಅವಳ ಬಾಯಿಂದ ಬಸ್ಸಿಗೆಲ್ಲ ಗೊತ್ತಾಯಿತು. ನಾಳೆಯೇ ಸಿದ್ದಪ್ಪನವರ ಕಾಲು ಹಿಡಿದಾದರೂ ಆ ಬಾವಿಗೊಂದು ಜಾಲರಿ ಹಾಕಿಸುತ್ತೇನೆ ಎಂದಳು. ಮುಂದಿನ ವರ್ಷ ನಿಮ್ಮ ಬದಲಿಗೆ ತರೀಕೆರೆಗೆ ಮೂವರನ್ನು ಕೊಡುತ್ತೇವೆ, ವಾಪಸ್ಸು ಬನ್ನಿ ಎಂದಳು ನಯನ. ನೋಡೋಣ, ನಾಲ್ವರಿಗೆ ಕಮ್ಮಿ ಆಗಲ್ಲ ಎಂದು ಅಂಜಿನಮ್ಮ ಬಿಗುಮಾನದಿಂದ ಹೇಳಿದಳು. ಆಮೇಲೆ ಕಾಲಬಳಿಯ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಆಟದ ಬಟ್ಟೆಯ ಅಡಿಯಲ್ಲಿ ಬಟ್ಟೆಯದೊಂದು ಗಂಟಿತ್ತು. ತಿಂಗಳಿನಿಂದ ಬೇಯಿಸದೆ ಇಟ್ಟಿದ್ದ ಮಡಿಲಕ್ಕಿಯ ಗಂಟು. ಅದನ್ನು ಬಿಚ್ಚಿ ಒಂದು ಹಿಡಿ ಅಕ್ಕಿ ತೆಗೆದು ಸುಮನಾಳ ಕಡೆ ಚಾಚಿದಳು.

ಸುಮನಾ ತಟ್ಟೆಗಾಗಿ ಅತ್ತಿತ್ತ ನೋಡಿದಳು. ತಟ್ಟೆಯಿರಲಿಲ್ಲ, ಆಟದ ಉಡುಪಿನಲ್ಲಿ ಸೆರಗೂ ಇರಲಿಲ್ಲ. ಪಂಚನಹಳ್ಳಿ ಎಂದು ಬರೆದಿದ್ದ ಜೆರ್ಸಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಚಾಚಿದಳು. ಬಸ್ಸು ರೋಡಿನ ಹಂಪಿನ ಮೇಲೆ ಎಗರಿತು. ಒಂದು ಕಾಳೂ ಕೆಳಗೆ ಬೀಳದಂತೆ ಅವಳು ಜೆರ್ಸಿಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು.