ಬಿಚ್ಚಿ ಕಟ್ಟಿದ ಏಲಕ್ಕಿ ಹಾರ

ಹಾವೇರಿಯ ಪೇಟೆಯಲ್ಲಿ ಏಲಕ್ಕಿ ಹಾರ ಕಟ್ಟುವ ಅಬ್ದುಲರಜಾಕ ಸಾಹೇಬರು ಆ ಬೆಳಿಗ್ಗೆ ಮುಖ ಗಂಟು ಹಾಕಿಕೊಂಡೇ ಅಂಗಡಿಗೆ ಬಂದರು. ಕೈಯಲ್ಲಿ ಕೆಸರು ಮೆತ್ತಿದ ಒಂದು ಹಾರ. ಕಲ್ಯಾಣ ಮಂಟಪದ ಹಿಂದೆ, ಗಟಾರದ ದಂಡೆಯಲ್ಲಿ ಎಂಜಲೆಲೆಗಳ ಜೊತೆ ಬಿದ್ದಿತ್ತಂತೆ. ತಾವು ಹಾಕಿದ ಗಂಟು ತಮಗೇ ಗುರುತು ಸಿಗದೆ ಇದ್ದೀತೆ?

"ಎರಡು ದಿನ ಕುಂತು ಕಟ್ಟಿದ್ದೆ. ಹಾಕಿಸ್ಕೊಂಡವರು ಎರಡು ತಾಸೂ ಕೊರಳಾಗ ಇಟ್ಕೊಳ್ಳಲಿಲ್ಲ ನೋಡು!" ಎಂದು ಮಗಳೆದುರು ಸಂಕಟ ತೋಡಿಕೊಂಡರು.

ಮಗಳು ಶಬನಮ್ ಅದನ್ನು ತೊಳೆದು ನೋಡಿದಳು. ಏಲಕ್ಕಿ ಕೆಟ್ಟಿತ್ತು, ಆದರೆ ರೇಷ್ಮೆ ದಾರ, ಮಣಿ, ಜರಿ ಕುಚ್ಚು ಎಲ್ಲ ಗಟ್ಟಿಯಾಗಿದ್ದವು.

"ಅಬ್ಬಾ, ಹಳೇ ಹಾರ ನಾವ ವಾಪಸ್ ತಗೊಂಡ್ರ ಹೆಂಗ? ಬಿಚ್ಚಿ, ತೊಳದು, ಹೊಸ ಯಾಲಕ್ಕಿ ಪೋಣಿಸೋಣು. ಗಿರಾಕಿಗೆ ಹೇಳೇ ಕೊಡೋಣು."

"ಹುಚ್ಚೇನ ನಿನಗ? ಒಬ್ಬರು ಹಾಕ್ಕೊಂಡು ಬಿಟ್ಟಿದ್ದು ಇನ್ನೊಬ್ಬರ ಕೊರಳಿಗಾ? ನಮ್ಮ ಅಜ್ಜ ಗಳಿಸಿದ ಹೆಸರು ಗಟಾರಕ್ಕ ಹೋಗತೈತಿ."

"ಹಾರನ ಗಟಾರಕ್ಕ ಹೋಗಾಕತ್ತಾವಲ್ಲ!"

ಅಷ್ಟರಲ್ಲಿ ಹೊಸರಿತ್ತಿಯ ಕಡೆಯ ನಿವೃತ್ತ ಶಿಕ್ಷಕ ಪ್ರಭುಲಿಂಗಪ್ಪನವರು ಬಂದರು. ಅವರೂರ ಶಾಲೆಯಲ್ಲಿ ಇಪ್ಪತ್ತು ವರ್ಷ ಮಕ್ಕಳಿಗೆ ಬಿಸಿಯೂಟ ಬಡಿಸಿದ ಕರೆವ್ವ ಕೆಲಸ ಬಿಡುವವಳಿದ್ದಳು. ಆಕೆಯ ಸತ್ಕಾರಕ್ಕೆ ಹಾರ ಬೇಕಿತ್ತು. ಶಬನಮ್‌ಳ ವಿಚಾರ ಕೇಳಿದ್ದೇ ತಡ, ಅವರು ಕುಣಿದಾಡುವುದೊಂದು ಬಾಕಿ.

"ನನಗ ಸತ್ಕಾರದಾಗ ಹಾಕಿದ ಏಳು ಹಾರ ಮನಿಯಾಗ ಧೂಳು ತಿನ್ನಾಕತ್ತಾವ. ಒಂದನ್ನ ಬಿಚ್ಚಿ ಕಟ್ರಿ, ಸಾಹೇಬರ!"

"ಮಾಸ್ತರಿಗೆ ಹೊಸಾದು, ಅಡಗಿ ಮಾಡೋ ಕರೆವ್ವಗ ಹಳೇದೇನ್ರಿ? ಆಕಿ ಮನಸ್ಸಿಗೆ ಏನನಸಬ್ಯಾಡ?" ಎಂದರು ಸಾಹೇಬರು.

ಪ್ರಭುಲಿಂಗಪ್ಪನವರು ಪೆಚ್ಚಾದರು. "ಅದೂ ಖರೇನ ಐತಿ," ಎಂದರು.

"ಆಕಿನ್ನ ಕೇಳಿದ್ರಾತು," ಎಂದಳು ಶಬನಮ್.

ಮರುದಿನ ಸಾಹೇಬರೇ ಬಸ್ ಹತ್ತಿದರು. ಶಾಲೆಯ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಏನನ್ನೂ ಮುಚ್ಚಿಡದೆ ಹೇಳಿದರು. ಆಕೆ ಬೇಡವೆಂದರೆ ಈ ಮಾತನ್ನು ಇನ್ನೆಂದೂ ಎತ್ತುವುದಿಲ್ಲವೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದರು.

ಕರೆವ್ವ ಸಾರಿನ ಸೌಟು ಕೆಳಗಿಟ್ಟು ಜೋರಾಗಿ ನಕ್ಕಳು. "ದಿನಾ ಇದ ಪಾತೇಲಿ ತೊಳದು ಇದರಾಗ ಅಡಗಿ ಮಾಡೇನ್ರಿ. ಯಾರರ ಹಳೇ ಸಾರು ಅಂದಾರೇನು? ಯಾಲಕ್ಕಿ ಮಾತ್ರ ಹೊಸಾವು ಇರಲಿ."

"ಅದ್ಯಾಕವ್ವಾ?"

"ಸತ್ಕಾರದ ದಿನ ನೋಡ್ರಿ."

ಸಾಹೇಬರು ಪ್ರಭುಲಿಂಗಪ್ಪನವರ ಒಂದು ಹಳೇ ಹಾರ ಬಿಚ್ಚಿ, ಹೊಸ ಏಲಕ್ಕಿ ಪೋಣಿಸಿ, ಮೂರು ದಿನ ಕಟ್ಟಿದರು. ಹೊಸ ಹಾರಕ್ಕೂ ಅಷ್ಟು ಕಾಳಜಿ ಮಾಡಿದವರಲ್ಲ. ಸತ್ಕಾರದ ದಿನ ಶಬನಮ್‌ಳನ್ನೂ ಕರೆದುಕೊಂಡು ಹೋದರು. ಪ್ರಭುಲಿಂಗಪ್ಪನವರು ಹಾರ ಹಾಕಿ, ಇದರ ದಾರ, ಮಣಿ ತಮ್ಮ ಹಳೇ ಹಾರದ್ದೆಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಸಾಹೇಬರು ಜನರ ಮುಖಗಳನ್ನೇ ನೋಡಿದರು. ಜನ ಚಪ್ಪಾಳೆ ತಟ್ಟಿದ ಮೇಲೆಯೇ ಉಸಿರು ಬಿಟ್ಟರು.

ಫೋಟೊ ಮುಗಿದಿದ್ದೇ ಕರೆವ್ವ ಹಾರ ತೆಗೆದುಕೊಂಡು ಸೀದಾ ಒಲೆಯ ಹತ್ತಿರ ಹೋದಳು. ಅಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು. ಏಲಕ್ಕಿಗಳನ್ನು ಪಟಪಟನೆ ಕಿತ್ತು, ಕುಟ್ಟಿ, ಪಾತ್ರೆಗೆ ಸುರಿದಳು. ಘಮ ಅಂಗಳಕ್ಕೆಲ್ಲ ಹರಡಿತು. ಮಕ್ಕಳು ತಟ್ಟೆ ಹಿಡಿದು ಓಡಿ ಬಂದರು.

ಬರಿದಾದ ದಾರ, ಮಣಿ, ಕುಚ್ಚುಗಳನ್ನು ತಟ್ಟೆಯಲ್ಲಿಟ್ಟು ಆಕೆ ಸಾಹೇಬರ ಮುಂದೆ ಹಿಡಿದಳು.

"ಯಾಲಕ್ಕಿ ನನ್ನ ಹುಡುಗುರ ಹೊಟ್ಟಿಗಾತು. ಇದನ್ನ ಒಯ್ರಿ ಸಾಹೇಬರ. ಇನ್ನೊಬ್ಬರಿಗೆ ಕಟ್ಟುವಾಗ ಇದು ಕರೆವ್ವಂದು ಅಂತ ಹೇಳ್ರಿ ಮತ್ತ, ಮುಚ್ಚಿಡಬ್ಯಾಡ್ರಿ."

ಸಾಹೇಬರ ಕಣ್ಣು ತುಂಬಿ ಬಂದವು. ಎರಡೂ ಕೈಯೊಡ್ಡಿ ತಟ್ಟೆ ಇಸಿದುಕೊಂಡರು.

"ಶಬನಮ್," ಎಂದು ಮಗಳ ಕಡೆ ತಿರುಗಿದರು, "ನಾಳೆ ಅಂಗಡಿ ಮುಂದ ಬೋರ್ಡ್ ಬರಿಸು. ಹಳೇ ಹಾರ ತಗೋತೀವಿ ಅಂತ. ದೊಡ್ಡ ಅಕ್ಷರದಾಗ ಇರಲಿ."